1986ರ ಮೆಟಾಡೋರ್ ಕ್ಯಾಂಪರ್: ಲೇಹ್‌ಗೆ ಕರೆದೊಯ್ಯಬಹುದೇ, ಇಲ್ಲ ಮನೆಯವರ ಮಾತು ಕೇಳಿ ಮಾರಿಬಿಡಲೇ?

ಬನ್ನಿಮಂಟಪದವನು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಮೈಸೂರಿನಲ್ಲಿ ಮದುವೆ ಅಡುಗೆ ಮಾಡಿಸುತ್ತಿದ್ದವರು. 1986ರಲ್ಲಿ ಕೊಂಡ ಮೆಟಾಡೋರ್ ವ್ಯಾನಿನಲ್ಲಿ ಅಡುಗೆಯವರನ್ನೂ ಕೊಳದಪ್ಪಲೆಗಳನ್ನೂ ತುಂಬಿಕೊಂಡು ನಂಜನಗೂಡಿನಿಂದ ನಾಗಮಂಗಲದವರೆಗೆ ಓಡಾಡಿದರು. ಅವರು ಕೆಲಸ ನಿಲ್ಲಿಸಿದ ಮೇಲೆ, 2019ರಲ್ಲಿ ನಾನು ಅದನ್ನು ಮಲಗುವ ಗಾಡಿಯಾಗಿ ಮಾಡಿಸಿದೆ. ಮಡಚಿದರೆ ಬೆಂಚು, ಬಿಡಿಸಿದರೆ ಹಾಸಿಗೆ. ಒಂದು ಗ್ಯಾಸ್ ಒಲೆ, 60 ಲೀಟರ್ ನೀರಿನ ಟ್ಯಾಂಕ್, ಗೋಡೆಗೆ ಗ್ಲಾಸ್ ವುಲ್ ತುಂಬಿ ಮೇಲೆ ಪ್ಲೈವುಡ್. ಬಿಸಿಲಿಗೆ ನಿಲ್ಲಿಸಿದಾಗ ಈಗಲೂ ಒಳಗಿನಿಂದ ಇಂಗು ಮತ್ತು ಸಾರಿನ ಪುಡಿಯ ವಾಸನೆ ಬರುತ್ತದೆ. ನನಗೆ ಅದು ತಂದೆಯ ವಾಸನೆ.

ಮೈಸೂರಿನ ಹವೆಯಲ್ಲಿ ಇರುವವರೆಗೂ ಯಾವ ತೊಂದರೆಯೂ ಇರಲಿಲ್ಲ. ಎರಡು ಮಳೆಗಾಲ ಆಗುಂಬೆ ಮತ್ತು ಮಡಿಕೇರಿಗೆ ಹೋಗಿ ಬಂದೆವು. ಈಗ ಪಕ್ಕದ ಬಾಗಿಲ ಬಳಿ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತದೆ. ಹಾಸಿಗೆಯ ಕೆಳಗೆ ಕಪ್ಪು ಬೂಷ್ಟು. ಚಾವಣಿಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತದೆ. ತಮ್ಮನೂ ನನ್ನ ಹೆಂಡತಿಯೂ ಮಾರಿಬಿಡಿ ಎನ್ನುತ್ತಿದ್ದಾರೆ. ಗುಜರಿಯವರು 40,000 ಕೊಡುತ್ತೇವೆ ಎಂದು ಬಂದು ನೋಡಿಕೊಂಡು ಹೋದರು.

ನನ್ನ ಆಸೆ ಬೇರೆ. ಬರುವ ಸೆಪ್ಟೆಂಬರ್‌ನಲ್ಲಿ ಇದರಲ್ಲೇ ಲೇಹ್‌ಗೆ ಹೋಗಬೇಕು. ಇಷ್ಟು ಹಳೆಯ ಗಾಡಿ ಆ ಚಳಿ, ಆ ಎತ್ತರ ತಡೆಯುತ್ತದೆಯೇ? ಅನುಭವ ಇರುವವರು ದಯವಿಟ್ಟು ಹೇಳಿ.

ತೂಬಿನಕೆರೆ ವೆಲ್ಡರ್

ಲೇಹ್ ವಿಷಯ ಆಮೇಲೆ. ಮೊದಲು ನೆಲದ ಪ್ಲೈವುಡ್ ಬಿಚ್ಚಿ ನೋಡಿ.

ನಂಜುಮಳಿಗೆ

ಬೇಸರ ಮಾಡಿಕೊಳ್ಳಬೇಡಿ, ನಾನು ನಿಮ್ಮ ಹೆಂಡತಿಯವರ ಪಕ್ಷ. ತಂದೆಯ ನೆನಪು ದೊಡ್ಡದು, ಒಪ್ಪುತ್ತೇನೆ. ಆದರೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಒಂದು ದಾರಿಗೆ. ಮಧ್ಯದಲ್ಲಿ ನಿಂತರೆ ಬಿಡಿಭಾಗ ಎಲ್ಲಿಂದ ತರುತ್ತೀರಿ? ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಟೆಂಪೋ ಟ್ರಾವೆಲರ್ ಬಾಡಿಗೆಗೆ ಪಡೆದು ಹೋಗಿ ಬನ್ನಿ, ಇದನ್ನು ಮನೆಯ ಮುಂದೆ ಇಟ್ಟುಕೊಳ್ಳಿ.

ಪಾಂಡವಪುರ ಡೀಸೆಲ್

ನಂಜುಮಳಿಗೆಯವರೇ, ಮೆಟಾಡೋರ್‌ಗೆ ಬಿಡಿಭಾಗ ಸಿಗುವುದಿಲ್ಲ ಎನ್ನುವುದು ಅರ್ಧ ಸತ್ಯ. ಬಾಡಿಯ ಭಾಗ ಸಿಗುವುದಿಲ್ಲ, ನಿಜ. ಎಂಜಿನ್ ಬೇರೆ ಮಾತು. ಬಜಾಜ್ ಟೆಂಪೋ ಕಂಪನಿ ಮರ್ಸಿಡಿಸ್‌ನಿಂದ ಪರವಾನಗಿ ಪಡೆದು ತಯಾರಿಸಿದ ಓಎಂ 616, 2.4 ಲೀಟರ್ ಡೀಸೆಲ್ ಎಂಜಿನ್ ಅದು. ಅದೇ ವಂಶದ ಎಂಜಿನ್ ಬೇರೆ ಗಾಡಿಗಳಲ್ಲೂ ಬಂದಿತು. ಮೂವತ್ತೆರಡು ವರ್ಷ ಪಂಪು, ನಾಜಲ್ ಕೆಲಸ ಮಾಡಿದ್ದೇನೆ. ಆ ಎಂಜಿನ್‌ನಲ್ಲಿ ಬಿಚ್ಚಿ ಕೂಡಿಸಲಾಗದ ಭಾಗ ಒಂದನ್ನೂ ನಾನು ನೋಡಿಲ್ಲ.

ಬನ್ನಿಮಂಟಪದವರೇ, ಚಳಿಯ ಬಗ್ಗೆ ಕೇಳಿದಿರಿ. ಈ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಸಿಲಿಂಡರ್‌ಗೆ ಬೀಳುವುದಿಲ್ಲ. ಪಕ್ಕದ ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಕೊಂಡು ಒಳಗೆ ಬರುತ್ತದೆ. ಲೋಹ ತಣ್ಣಗಿದ್ದರೆ ಆ ಕೋಣೆಯ ಗೋಡೆಗಳು ಕಾವನ್ನೆಲ್ಲ ಹೀರಿಕೊಳ್ಳುತ್ತವೆ, ಹೊತ್ತಿಕೊಳ್ಳುವುದೇ ಇಲ್ಲ. ಅದಕ್ಕಾಗಿಯೇ ಹೀಟರ್ ಪ್ಲಗ್. ಮಂಡ್ಯದಲ್ಲಿ ನಾಲ್ಕರಲ್ಲಿ ಎರಡು ಪ್ಲಗ್ ಸತ್ತಿದ್ದರೂ ಗಾಡಿ ಎದ್ದುಬಿಡುತ್ತದೆ, ಆದ್ದರಿಂದ ಯಾರೂ ನೋಡುವುದಿಲ್ಲ. ಲಡಾಖ್‌ನಲ್ಲಿ ಬೆಳಗಿನ ಜಾವ ನಾಲ್ಕೂ ಬೇಕು. ಒಂದೊಂದನ್ನೂ ಬಿಚ್ಚಿ ಬ್ಯಾಟರಿಗೆ ಹಿಡಿದು ಕೆಂಪಗಾಗುತ್ತದೆಯೇ ನೋಡಿ. ಸ್ಟೀರಿಂಗ್ ಮುಂದಿನ ದೀಪ ಹೊತ್ತಿತು ಎಂದರೆ ಪ್ಲಗ್ ಸರಿ ಇದೆ ಎಂದಲ್ಲ.

ರೇಡಿಯೇಟರ್‌ಗೆ ಬಾವಿ ನೀರು ಹಾಕುವ ಅಭ್ಯಾಸ ಬಿಡಿ. ರಾತ್ರಿ ಹೆಪ್ಪುಗಟ್ಟಿದರೆ ಬ್ಲಾಕ್ ಸೀಳುತ್ತದೆ. ಕೂಲೆಂಟ್ ಮತ್ತು ಶುದ್ಧ ನೀರು ಸಮ ಸಮ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಆಯಿಲ್ ತೆಳುವಾದ ದರ್ಜೆಯದು ಹಾಕಿಸಿ. ಇನ್ನು ಡೀಸೆಲ್. ಚಳಿಗೆ ಅದರಲ್ಲಿರುವ ಮೇಣ ಕಟ್ಟಿಕೊಂಡು ಮೊದಲು ಫಿಲ್ಟರ್ ಮುಚ್ಚುತ್ತದೆ. 2019ರಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ತಂದರು, ಮೈನಸ್ 33ರವರೆಗೂ ಹರಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಫಿಲ್ಟರ್ ಮಾತ್ರ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಚಳಿಗಿಂತ ಎತ್ತರ ಕಷ್ಟ. ಲೇಹ್ ಬಳಿಯ ಕಣಿವೆಮಾರ್ಗ ಖಾರ್ದುಂಗ್ ಲಾ 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಇಲ್ಲಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಇದು. ಡೀಸೆಲ್ ಅಷ್ಟೇ ಬೀಳುತ್ತದೆ, ಉರಿಯಲು ಗಾಳಿ ಇರುವುದಿಲ್ಲ. ಕಪ್ಪು ಹೊಗೆ ಬರುತ್ತದೆ, ಎಳೆಯುವ ಶಕ್ತಿ ಹೋಗುತ್ತದೆ. ಹೆದರಿ ಡೀಸೆಲ್ ಪಂಪಿನ ಅಳತೆ ತಿರುಗಿಸಲು ಹೋಗಬೇಡಿ. ಏರ್ ಫಿಲ್ಟರ್ ಹೊಸದಿರಲಿ, ಕಾಲು ಹಗುರವಾಗಿರಲಿ, ಮೊದಲ ಗೇರ್‌ನಲ್ಲಿ ನಿಧಾನವಾಗಿ ಹತ್ತಿಸಿ. ಹೊಗೆ ಕಪ್ಪಾದರೆ ಕಾಲು ಎತ್ತಿ. ಅಷ್ಟು ತಾಳ್ಮೆ ಇದ್ದರೆ ಗಾಡಿ ಹೋಗುತ್ತದೆ.

ಬನ್ನಿಮಂಟಪದವನು

ಪಾಂಡವಪುರದ ಅಣ್ಣ, ಬಹಳ ಉಪಕಾರವಾಯಿತು. ನಾನು ಇಷ್ಟು ದಿನ ರೇಡಿಯೇಟರ್‌ಗೆ ಕೊಳಾಯಿ ನೀರನ್ನೇ ಹಾಕುತ್ತಿದ್ದೆ. ಪ್ಲಗ್‌ಗಳನ್ನು ಈ ಭಾನುವಾರವೇ ಬಿಚ್ಚಿಸುತ್ತೇನೆ.

ತೂಬಿನಕೆರೆ ವೆಲ್ಡರ್

ಪ್ಲಗ್ ಬಿಚ್ಚುವ ಮೊದಲು ಪ್ಲೈವುಡ್ ಬಿಚ್ಚಿ ಎಂದು ಮತ್ತೆ ಹೇಳುತ್ತಿದ್ದೇನೆ. ಬೂಷ್ಟು ಬಂದ ಗಾಡಿಯಲ್ಲಿ ತುಕ್ಕು ಬಂದಿಲ್ಲ ಎನ್ನುವುದನ್ನು ನಾನು ಇದುವರೆಗೆ ಕಂಡಿಲ್ಲ.

ಕುವೆಂಪುನಗರದಿಂದ ಕ್ಯಾಲ್ಗರಿಗೆ

ಕುವೆಂಪುನಗರದಲ್ಲಿ ಹುಟ್ಟಿ ಬೆಳೆದವಳು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ನನ್ನ ಬಳಿ 1978ರ ಫೋಕ್ಸ್‌ವ್ಯಾಗನ್ ವೆಸ್ಟ್‌ಫಾಲಿಯಾ ಇದೆ, ಚಾವಣಿ ಮೇಲಕ್ಕೇಳುವ ಜಾತಿಯದು. ಇಲ್ಲಿ ಚಳಿಗಾಲದಲ್ಲಿ ಮೈನಸ್ 30 ಹೊಸದಲ್ಲ. ಆದ್ದರಿಂದ ಒಂದೆರಡು ಮಾತು.

ನನ್ನ ಗಾಡಿಯ ಎಂಜಿನ್ ಹಿಂದೆ ಇದೆ, ಅದನ್ನು ತಣಿಸುವುದು ಗಾಳಿ, ನೀರಲ್ಲ. ಹೆಪ್ಪುಗಟ್ಟಲು ನೀರೇ ಇಲ್ಲ ಎಂದು ಮೊದಲು ಸಂತೋಷಪಟ್ಟಿದ್ದೆ. ಆದರೆ ಬಿಸಿನೀರು ಇಲ್ಲದ ಮೇಲೆ ಒಳಗೆ ಕಾವು ಎಲ್ಲಿಂದ ಬರಬೇಕು? ಹೊಗೆ ಕೊಳವೆಯ ಸುತ್ತ ಒಂದು ತಗಡಿನ ಕವಚವಿದ್ದು, ಅದರೊಳಗೆ ಬಿಸಿಯಾದ ಗಾಳಿ ಉದ್ದಕ್ಕೂ ಹರಿದು ಮುಂದಿನ ಸೀಟಿಗೆ ಬರುವ ಹೊತ್ತಿಗೆ ಉಸಿರಿನಷ್ಟು ಬೆಚ್ಚಗಿರುತ್ತದೆ. ಆ ಕವಚದೊಳಗಿನ ಕೊಳವೆ ತುಕ್ಕು ಹಿಡಿದು ತೂತಾದರೆ ಎಂಜಿನ್ ಹೊಗೆ ನೇರವಾಗಿ ನಾವು ಕುಳಿತಲ್ಲಿಗೆ ಬರುತ್ತದೆ. ನಾನು ಗಾಡಿ ಕೊಂಡ ವರ್ಷ ಹೀಗೆಯೇ ಆಗಿ, ತಲೆನೋವನ್ನು ಪ್ರಯಾಣದ ದಣಿವು ಎಂದುಕೊಂಡು ಎರಡು ದಿನ ಓಡಿಸಿದ್ದೆ. ಈಗ ಒಳಗೆ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಸುವ ಗಂಟೆ ಇಲ್ಲದೆ ಕೀಲಿ ತಿರುಗಿಸುವುದಿಲ್ಲ.

ಇಲ್ಲಿ ಹಳೆಯ ವ್ಯಾನ್‌ಗಳನ್ನು ಕೊಲ್ಲುವುದು ಚಳಿಯಲ್ಲ, ಉಪ್ಪು. ಮಂಜುಗಡ್ಡೆ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಚಕ್ರದ ಕಮಾನಿನೊಳಗೆ ಸೇರಿ, ಬೆಚ್ಚಗಾದ ದಿನ ಕರಗಿ ತಿನ್ನತೊಡಗುತ್ತದೆ. ಆದ್ದರಿಂದ ಹಳೆಯ ವ್ಯಾನ್ ಇಟ್ಟುಕೊಂಡ ನಮ್ಮಂಥವರು ನವೆಂಬರ್‌ನಲ್ಲಿ ಒಳಗೆ ನಿಲ್ಲಿಸಿ, ರಸ್ತೆ ತೊಳೆದ ಮೇಲೆ ವಸಂತದಲ್ಲಿ ತೆಗೆಯುತ್ತೇವೆ. ನಿಮ್ಮ ಲಡಾಖ್ ಒಣ ದೇಶ. ಅಲ್ಲಿ ಹದಿನೈದು ದಿನ ಇದ್ದರೆ ತಗಡಿಗೆ ಏನೂ ಆಗುವುದಿಲ್ಲ. ನಿಜವಾಗಿ ನಿಮ್ಮ ಗಾಡಿಯ ಆಯುಸ್ಸು ತಿಂದದ್ದು ಆಗುಂಬೆ.

ಮದ್ದೂರು ಗಾಡಿ

ತುಕ್ಕಿಗೆ ಇಷ್ಟೆಲ್ಲ ಏಕೆ? ಮಳೆಗಾಲಕ್ಕೆ ಮೊದಲು ಚಾಸಿಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಸಿ. ನಮ್ಮ ಕಡೆ ಕಬ್ಬಿನ ಲಾರಿಗಳಿಗೆ ಅಪ್ಪನ ಕಾಲದಿಂದ ಮಾಡುತ್ತಿದ್ದೇವೆ.

ತೂಬಿನಕೆರೆ ವೆಲ್ಡರ್

ಮದ್ದೂರಿನವರೇ, ಆ ಸಲಹೆ ಇವರಿಗೆ ಕೊಡಬೇಡಿ. ಸುಟ್ಟ ಆಯಿಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ಧೂಳು ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಆ ಪದರದ ಒಳಗೆ ನೀರು ನಿಲ್ಲುತ್ತದೆ. ಮಾರನೇ ವರ್ಷ ನಾನು ವೆಲ್ಡ್ ಮಾಡಲು ಕೆಳಗೆ ಮಲಗಿದರೆ ಕಿಡಿ ಬಿದ್ದು ಹೊತ್ತಿಕೊಳ್ಳುತ್ತದೆ. ಕೈ ಸುಟ್ಟುಕೊಂಡು ಕಲಿತದ್ದು ಇದು. ಜತೆಗೆ ಅದು ತೊಟ್ಟಿಕ್ಕಿ ಮಣ್ಣಿಗೆ, ನಾಲೆಗೆ ಸೇರುತ್ತದೆ.

ಮದ್ದೂರು ಗಾಡಿ

ನಮ್ಮ 1990ರ ಲಾರಿಯ ಚಾಸಿ ಇಂದಿಗೂ ಗಟ್ಟಿಯಾಗಿದೆ. ಕಣ್ಣಾರೆ ಕಂಡದ್ದನ್ನು ಹೇಗೆ ಸುಳ್ಳೆನ್ನಲಿ?

ತೂಬಿನಕೆರೆ ವೆಲ್ಡರ್

ಸುಳ್ಳೆಂದು ನಾನೂ ಹೇಳುವುದಿಲ್ಲ. ಲಾರಿಯ ಚಾಸಿ ದಪ್ಪ ಉಕ್ಕು, ತುಕ್ಕು ಒಂದು ಪದರ ತಿಂದರೂ ಲೆಕ್ಕಕ್ಕಿಲ್ಲ. ವ್ಯಾನಿನ ನೆಲ ತೆಳು ತಗಡು, ಅದಕ್ಕೆ ಒಂದು ಪದರವೇ ಎಲ್ಲ. ಪಾಟಾಗೆ, ಎಂದರೆ ಚಕ್ರದ ಮೇಲಿನ ಪಟ್ಟಿ ಸ್ಪ್ರಿಂಗ್‌ಗೆ, ಬೇಕಾದರೆ ಹೊಡೆಸಿ, ಒಪ್ಪುತ್ತೇನೆ. ನೆಲಕ್ಕೆ, ಬಾಗಿಲ ಒಳಗಿನ ಟೊಳ್ಳಿಗೆ ಮೇಣದ ಸ್ಪ್ರೇ ಬೇಕು.

ಇನ್ನೊಂದು ಮುಖ್ಯ ವಿಷಯ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಪುಟ್ಟ ತೂತುಗಳಿರುತ್ತವೆ. ಧೂಳು, ಎಲೆ ತುಂಬಿ ಅವು ಮುಚ್ಚಿಹೋದರೆ ಬಾಗಿಲೇ ತೊಟ್ಟಿಯಾಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗಿನಿಂದ ಕೊಳೆಯುತ್ತಿರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಎನ್ನುವುದು ಹಳೆಯ ವ್ಯಾನಿಗೆ ಅಕ್ಷರಶಃ ಸತ್ಯ. ಒಂದು ಸೈಕಲ್ ಕಡ್ಡಿ ಸಾಕು ತೂತು ಬಿಡಿಸಲು.

ಗ್ಲಾಸ್ ವುಲ್ ಹಾಕಿಸಿದ್ದೇನೆ ಎಂದಿರಿ. ಅದು ಒದ್ದೆಯಾದರೆ ಒಣಗುವುದಿಲ್ಲ, ತಗಡಿಗೆ ಒದ್ದೆ ಬಟ್ಟೆ ಸುತ್ತಿದಂತೆ. ಪೂರ್ತಿ ತೆಗೆಯಿರಿ. ಎಸಿ ಕೊಳವೆಗೆ ಸುತ್ತುವ ಕಪ್ಪು ರಬ್ಬರ್ ಹಾಳೆ ಇದೆಯಲ್ಲ, ಅದನ್ನು ಗಾಳಿ ಸಿಕ್ಕಿಕೊಳ್ಳದಂತೆ ತಗಡಿಗೆ ಅಂಟಿಸಿ. ನೀರು ಕುಡಿಯುವುದಿಲ್ಲ.

ಕಲಬುರಗಿ ಸೊಸೆ

ನಾನು ಮಂಡ್ಯದ ಮಗಳು, ಕಲಬುರಗಿಗೆ ಬಂದು ಹದಿನಾಲ್ಕು ವರ್ಷ. ಎಲ್ಲರೂ ಚಳಿ, ಮಳೆ ಎನ್ನುತ್ತಿದ್ದೀರಿ, ಬಿಸಿಲನ್ನು ಯಾರೂ ನೆನೆಯಲಿಲ್ಲ. ನಮ್ಮ ಮಾವನವರ ಬಳಿಯೂ ಇಂಥದೇ ಹಳೆಯ ವ್ಯಾನ್ ಇದೆ, ಜಾತ್ರೆಗಳಿಗೆ ಹೋಗಿ ಅದರಲ್ಲೇ ತಂಗುತ್ತೇವೆ. ಇಲ್ಲಿ ಮೇ ತಿಂಗಳಲ್ಲಿ 43, 44 ಡಿಗ್ರಿ. ಕಿಟಕಿಯ ಬೀಡಿಂಗ್ ರಬ್ಬರ್ ಬಿಸಿಲಿಗೆ ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಕೂದಲೆಳೆಯ ಬಿರುಕು ಬಿಡುತ್ತದೆ. ಜೂನ್‌ನಲ್ಲಿ ಮಳೆ ಬಂದಾಗ ಸೋರುತ್ತದೆ. ಸೋರಿದ್ದು ಮಳೆಯಲ್ಲಿ, ಕೆಟ್ಟದ್ದು ಬಿಸಿಲಲ್ಲಿ. ಬನ್ನಿಮಂಟಪದ ಅಣ್ಣ, ನಿಮ್ಮ ಚಾವಣಿ ತೊಟ್ಟಿಕ್ಕುವುದಕ್ಕೂ ಇದೇ ಕಾರಣ ಇರಬಹುದು. ಗಾಡಿಯನ್ನು ವರ್ಷವಿಡೀ ಬಿಸಿಲಿಗೆ ನಿಲ್ಲಿಸುತ್ತೀರಾ?

ನಾವು ಚಾವಣಿಗೆ ಬಿಳಿ ಬಣ್ಣ ಬಳಿಸಿದೆವು. ಮಧ್ಯಾಹ್ನ ಒಳಗೆ ಕುಳಿತರೆ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ. ಕಿಟಕಿಗೆ ಲಾವಂಚದ ಚಾಪೆ ಕಟ್ಟಿ ನೀರು ಚಿಮುಕಿಸುತ್ತೇವೆ. ಒಣ ಗಾಳಿ ಇರುವುದರಿಂದ ಇಲ್ಲಿ ಅದು ತುಂಬಾ ತಂಪು ಕೊಡುತ್ತದೆ. ಒಮ್ಮೆ ಮಂಗಳೂರಿನಲ್ಲೂ ಹಾಗೆಯೇ ಮಾಡಿದೆವು. ಗಾಳಿಯಲ್ಲಿ ಆಗಲೇ ತೇವ ತುಂಬಿತ್ತು, ತಂಪಾಗಲಿಲ್ಲ, ಹಾಸಿಗೆ ಒದ್ದೆಯಾಯಿತು.

ಬನ್ನಿಮಂಟಪದವನು

ಹೌದು ಅಕ್ಕ, ಮನೆಯ ಮುಂದೆ ಬಯಲಲ್ಲೇ ನಿಲ್ಲಿಸುತ್ತೇನೆ. ಈಗ ಹೋಗಿ ಬೀಡಿಂಗ್ ಒತ್ತಿ ನೋಡಿದೆ. ಹಪ್ಪಳದಂತೆ ಮುರಿಯಿತು.

ಸರಸ್ವತಿಪುರಂ ನಿವಾಸಿ

ಒಂದು ಸಲಹೆ. ಹಳೆಯ ಗಾಡಿಗಳಿಗೆ ಈಗ ವಿಂಟೇಜ್ ನೋಂದಣಿ ಬಂದಿದೆಯಲ್ಲ, ಅದನ್ನು ಮಾಡಿಸಿಕೊಂಡರೆ ಪ್ರತಿ ಐದು ವರ್ಷಕ್ಕೆ ಆರ್‌ಟಿಒಗೆ ಅಲೆಯುವುದು ತಪ್ಪುತ್ತದೆ.

ಮಳವಳ್ಳಿ ಮೇಷ್ಟರು

ತಪ್ಪು ಮಾಹಿತಿ, ಕ್ಷಮಿಸಿ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ಅದು ಸಿಗುತ್ತದೆ. 1986ರ ಗಾಡಿಗೆ 2036ರವರೆಗೆ ಕಾಯಬೇಕು. ಹಾಸಿಗೆ, ಒಲೆ ಕೂರಿಸಿದ ಮೇಲೆ ಮೂಲ ರೂಪ ಉಳಿಯಿತೇ ಎನ್ನುವುದು ಇನ್ನೊಂದು ಪ್ರಶ್ನೆ. ಅದಕ್ಕಿಂತ ಮುಖ್ಯವಾಗಿ, ವಿಂಟೇಜ್ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕೆ ಬಿಟ್ಟು ದಿನನಿತ್ಯ ರಸ್ತೆಗೆ ತರುವಂತಿಲ್ಲ. ಪ್ರವಾಸ ಹೋಗಬೇಕೆಂಬವರಿಗೆ ಅದು ಬೇಡವೇ ಬೇಡ.

ಇವರು ನೋಡಬೇಕಾದದ್ದು ಬೇರೆ ಎರಡು. ಒಂದು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾದ ಮಾರ್ಪಾಡು ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿತು. ಚಾವಣಿ ಎತ್ತರಿಸುವುದು, ಚಾಸಿ ಕತ್ತರಿಸುವುದು ಮಾಡಬೇಡಿ. ಸೀಟು ತೆಗೆದಿದ್ದರೆ ಆರ್‌ಸಿಯಲ್ಲಿ ಅದನ್ನು ದಾಖಲಿಸಿಕೊಳ್ಳಿ. ಎರಡು, 20 ವರ್ಷ ದಾಟಿದ ಲಘು ವಾಹನದ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿದೆ. ಕೈಯಲ್ಲಿ ಅಷ್ಟು ಇಟ್ಟುಕೊಂಡೇ ಲೆಕ್ಕ ಹಾಕಿ.

ಹಾಗೆಯೇ ದೆಹಲಿಯ ದಾರಿ ಹಿಡಿಯಬೇಡಿ. 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ರಾಜಧಾನಿ ವಲಯದಲ್ಲಿ 2015ರ ಹಸಿರು ನ್ಯಾಯಮಂಡಳಿಯ ಆದೇಶದಿಂದ ತೊಡಕಿದೆ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಲಯ ಎಂದರೆ ದೆಹಲಿ ಮಾತ್ರವಲ್ಲ, ಹರಿಯಾಣದ ಹಲವು ಜಿಲ್ಲೆಗಳು, ರಾಜಸ್ಥಾನದ ಅಲ್ವರ್, ಭರತ್‌ಪುರ ಕೂಡ. ಬಿಕಾನೇರ್, ಹನುಮಾನ್‌ಗಢ, ಪಂಜಾಬ್, ಪಠಾಣ್‌ಕೋಟ್ ಎಂದು ಸುತ್ತಿ ಹೋಗಿ.

ಸರಸ್ವತಿಪುರಂ ನಿವಾಸಿ

ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟರೇ. ನನ್ನ ಹಳೆಯ ಸ್ಕೂಟರ್‌ಗೂ ಅದನ್ನೇ ಮಾಡಿಸಲು ಹೊರಟಿದ್ದೆ.

ಒಂಟಿಕೊಪ್ಪಲ್ ಪ್ರವಾಸಿ

ಮೇಷ್ಟರು ಹೇಳಿದ ದಾರಿಗೆ ಇನ್ನೊಂದು ಲಾಭವಿದೆ. ಪಠಾಣ್‌ಕೋಟ್‌ನಿಂದ ಶ್ರೀನಗರದ ಮೂಲಕ ಹತ್ತಿದರೆ ಎತ್ತರ ಮೆಲ್ಲಗೆ ಏರುತ್ತದೆ. ಜೋಜಿ ಲಾ 3,528 ಮೀಟರ್, ಫೋಟು ಲಾ 4,108. ಮನಾಲಿ ಕಡೆಯಿಂದ ಹೋದರೆ ತಂಗ್‌ಲಂಗ್ ಲಾ 5,328 ಮೀಟರ್‌ಗೆ ಮೈ ಒಗ್ಗುವ ಮೊದಲೇ ಬಂದುಬಿಡುತ್ತದೆ. ಎರಡು ಸಲ ಹೋಗಿದ್ದೇನೆ. ಮೊದಲ ಸಲ ಮನಾಲಿಯಿಂದ ಹೋಗಿ ನಮ್ಮ ಭಾವ ರಾತ್ರಿಯಿಡೀ ವಾಂತಿ ಮಾಡಿಕೊಂಡರು. ಗಾಡಿ ತಡೆಯುತ್ತದೆಯೇ ಎಂದು ಕೇಳುವವರು ನಮ್ಮ ದೇಹ ತಡೆಯುತ್ತದೆಯೇ ಎಂದೂ ಕೇಳಬೇಕು.

ಇಳಿಜಾರಿನ ಬಗ್ಗೆ ಯಾರೂ ಬರೆಯಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ಮಳೆಗಾಲ ಕಂಡ ಹಳೆಯ ಆಯಿಲ್ ಬಿಸಿಯಾದಾಗ ಕುದಿದು, ಪೆಡಲ್ ನೆಲಕ್ಕೆ ಹೋಗುತ್ತದೆ. ಹೊರಡುವ ಮುನ್ನ ಪೂರ್ತಿ ಬದಲಿಸಿ. ಹತ್ತಿದ ಗೇರ್‌ನಲ್ಲೇ ಇಳಿಯಿರಿ.

ಅಡುಗೆ: ಲೇಹ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಯುವುದಿಲ್ಲ. ಗ್ಯಾಸ್ ಒಲೆಯ ಉರಿಯೂ ಬೆಳಗಿನ ಚಳಿಯಲ್ಲಿ ಸಣ್ಣದಾಗುತ್ತದೆ, ಸಿಲಿಂಡರ್‌ನಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ನೀರಿನ ಟ್ಯಾಂಕ್, ನಲ್ಲಿ ಎರಡನ್ನೂ ರಾತ್ರಿ ಖಾಲಿ ಮಾಡಿ ಮಲಗಿ. ನಮ್ಮನ್ನು ಕಾಪಾಡಿದ್ದು ರಾಗಿ ಹುರಿಹಿಟ್ಟು. ಬೇಯಿಸುವ ಗೊಡವೆಯೇ ಇಲ್ಲ.

ಮದ್ದೂರು ಗಾಡಿ

ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಹಾಕಿ ಉಂಡೆ ಮಾಡಿಕೊಂಡು ಹೋಗಿ.

ಒಂಟಿಕೊಪ್ಪಲ್ ಪ್ರವಾಸಿ

ಕಾಯಿತುರಿ ದಾರಿಯಲ್ಲಿ ಹಳಸುತ್ತದೆ. ಕೊಬ್ಬರಿ ಹಾಕಿ.

ಕಲಬುರಗಿ ಸೊಸೆ

ಮಜ್ಜಿಗೆ, ಉಪ್ಪು, ಹಸಿಮೆಣಸಿನಕಾಯಿ. ಬೇರೆ ಏನೂ ಬೇಡ. ತವರಿನ ನೆನಪಾಯಿತು.

ಕುವೆಂಪುನಗರದಿಂದ ಕ್ಯಾಲ್ಗರಿಗೆ

ಊಟದ ಮಾತಿನ ನಡುವೆ ಒಂದು ಗಂಭೀರ ವಿಷಯ. ರಾತ್ರಿ ಚಳಿ ಎಂದು ಕಿಟಕಿ ಮುಚ್ಚಿ ಒಳಗೆ ಗ್ಯಾಸ್ ಒಲೆಯನ್ನಾಗಲಿ, ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಉರಿಸಿ ಯಾರೂ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಉಣ್ಣೆಯ ಕಂಬಳಿ ಎರಡು ಹೆಚ್ಚು ಒಯ್ಯಿರಿ, ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ. ನಮ್ಮ ಉಸಿರಿನ ನೀರು ತಗಡಿನ ಮೇಲೆ ಬೆವರಾಗಿ ಇಳಿಯುವುದೂ ಅದರಿಂದ ಕಡಿಮೆಯಾಗುತ್ತದೆ. ಹಾಸಿಗೆಯ ಕೆಳಗಿನ ಬೂಷ್ಟಿಗೆ ಅರ್ಧ ಕಾರಣ ಮಳೆಯಲ್ಲ, ನಿಮ್ಮ ಉಸಿರೇ. ಹಾಸಿಗೆಯ ಹಲಗೆಗೆ ತೂತು ಕೊರೆಸಿ, ಗಾಳಿಯಾಡಲಿ.

ನಂಜುಮಳಿಗೆ

ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಗಿದೆ. ಆದರೂ ಈ ಸೆಪ್ಟೆಂಬರ್ ಬೇಡ. ದುರಸ್ತಿ ಮಾಡಿದ ಗಾಡಿಯನ್ನು ಮೊದಲು ಹತ್ತಿರದಲ್ಲಿ ಒಂದು ವರ್ಷ ಓಡಿಸಿ ನೋಡಬೇಕು. ಊಟಿಯ ಬೆಳಗಿನ ಚಳಿ, ಕಲಬುರಗಿಯ ಬಿಸಿಲು, ಎರಡೂ ನಮ್ಮಿಂದ ಒಂದು ದಿನದ ದಾರಿ.

ಪಾಂಡವಪುರ ಡೀಸೆಲ್

ನಂಜುಮಳಿಗೆಯವರ ಈ ಮಾತು ಸರಿ. ಜನವರಿಯಲ್ಲಿ ಊಟಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಹೊರಗೆ ನಿಲ್ಲಿಸಿ ಬೆಳಗ್ಗೆ ಆರಕ್ಕೆ ಕೀಲಿ ತಿರುಗಿಸಿ. ಪ್ಲಗ್, ಬ್ಯಾಟರಿ ಎರಡರ ಬಣ್ಣವೂ ಬಯಲಾಗುತ್ತದೆ.

ಬನ್ನಿಮಂಟಪದವನು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತಮ್ಮನೂ ನಾನೂ ಕುಳಿತು ನೆಲದ ಪ್ಲೈವುಡ್ ಬಿಚ್ಚಿದೆವು. ಗ್ಲಾಸ್ ವುಲ್ ಹಿಂಡಿದರೆ ನೀರು ಬಂತು, ಮಡಿಕೇರಿಯಿಂದ ಬಂದು ಏಳು ತಿಂಗಳಾದ ಮೇಲೂ. ಪಕ್ಕದ ಬಾಗಿಲ ಕೆಳಗೆ ಎರಡು ಅಂಗೈ ಅಗಲ ತಗಡೇ ಇಲ್ಲ, ರಸ್ತೆ ಕಾಣುತ್ತದೆ. ಎಡಗಡೆ ಹಿಂದಿನ ಚಕ್ರದ ಕಮಾನು ಬೆರಳಿಗೆ ಪುಡಿಯಾಯಿತು. ಬಾಗಿಲ ತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸಿದಾಗ ಒಂದು ಲೋಟದಷ್ಟು ಕೆಸರು ಇಳಿಯಿತು. ನೆಲವನ್ನು ಹೊರುವ ಅಡ್ಡಪಟ್ಟಿಗಳು ಮಾತ್ರ ಸುತ್ತಿಗೆಯಿಂದ ಬಡಿದರೆ ಗಟ್ಟಿ ಸದ್ದು ಕೊಡುತ್ತಿವೆ. ಹೀಟರ್ ಪ್ಲಗ್‌ಗಳಲ್ಲಿ ಮೂರು ಸತ್ತಿದ್ದವು, ಬದಲಿಸಿದೆ.

ನೆಲದ ಸಂದಿಯಲ್ಲಿ ತಂದೆಯವರ ಒಂದು ಪುಟ್ಟ ಹಿತ್ತಾಳೆ ಸೌಟು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ತಮ್ಮ ಬಹಳ ಹೊತ್ತು ಕುಳಿತಿದ್ದ. ಆಮೇಲೆ ಮಾರುವ ಮಾತು ಎತ್ತಲಿಲ್ಲ. ಗುಜರಿಯವರಿಗೆ ಬೇಡವೆಂದು ಫೋನ್ ಮಾಡಿದವನೂ ಅವನೇ.

ಈ ವರ್ಷ ಲೇಹ್ ಇಲ್ಲ. ಜನವರಿಗೆ ಊಟಿ, ಮೇ ತಿಂಗಳಿಗೆ ಕಲಬುರಗಿ. ತೂಬಿನಕೆರೆಯವರೇ, ನೆಲದ ಕೆಲಸ ನೀವು ಮಾಡಿಕೊಡುವಿರಾ?

ಕಲಬುರಗಿ ಸೊಸೆ

ಮೇ ತಿಂಗಳಲ್ಲಿ ಬನ್ನಿ ಅಣ್ಣ, ಮನೆಯವರನ್ನೂ ಕರೆದುಕೊಂಡು ಬನ್ನಿ. ಲಾವಂಚದ ಚಾಪೆ ನಾನು ಕೊಡುತ್ತೇನೆ.

ತೂಬಿನಕೆರೆ ವೆಲ್ಡರ್

ಮಾಡಿಕೊಡುತ್ತೇನೆ. ಅಡ್ಡಪಟ್ಟಿ ಗಟ್ಟಿ ಇದ್ದರೆ ಗಾಡಿ ಉಳಿಯಿತು ಎಂದೇ ಲೆಕ್ಕ. ಎಡಗಡೆ ಕಮಾನಿನ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ತನ್ನಿ, ಬಲಗಡೆಯದನ್ನು ನೋಡಿ ತಿರುಗಿಸಿ ಕತ್ತರಿಸಿದರೆ ಸಾಕು. ಡೀಸೆಲ್ ಟ್ಯಾಂಕ್ ಇಳಿಸಿ ತರಬೇಕು, ಬ್ಯಾಟರಿ ತಂತಿ ಬಿಚ್ಚಿರಬೇಕು. ಬುಧವಾರ ಬೆಳಗ್ಗೆ ಎಳೆದುಕೊಂಡು ಬನ್ನಿ, ತಮ್ಮನನ್ನೂ ಕರೆತನ್ನಿ, ತಗಡು ಹಿಡಿಯಲು ಒಬ್ಬರು ಬೇಕು.